ಮೆಟ್ಟುವ ಕಾಲು, ಉಜ್ಜುವ ಕೈ

ನಾಸಿಕದಿಂದ ಮುಂಬಯಿ–ಆಗ್ರಾ ಹೆದ್ದಾರಿ ಹಿಡಿದು ಈಶಾನ್ಯಕ್ಕೆ ಸುಮಾರು ಅರವತ್ತು ಕಿಲೋಮೀಟರ್ ಸಾಗಿದರೆ, ಬೆಟ್ಟಸಾಲಿನ ಬುಡದಲ್ಲಿ ಚಾಂದವಡ ಎಂಬ ಊರು ಎದುರಾಗುತ್ತದೆ. ತ್ರ್ಯಂಬಕೇಶ್ವರಕ್ಕೂ ಶಿರಡಿಗೂ ಬರುವ ಕನ್ನಡಿಗರಲ್ಲಿ ಇಲ್ಲಿಯವರೆಗೆ ಬರುವವರು ಕಡಿಮೆ. ಬಂದವರು ಹೋಳ್ಕರರ ರಂಗಮಹಲನ್ನು ನೋಡುತ್ತಾರೆ, ರೇಣುಕಾದೇವಿಯ ಗುಡಿಯಲ್ಲಿ ಕೈಮುಗಿಯುತ್ತಾರೆ. ಸವದತ್ತಿಯ ಎಲ್ಲಮ್ಮನೂ ರೇಣುಕೆಯೇ ಆದ್ದರಿಂದ ನಮ್ಮವರಿಗೆ ಆ ಗುಡಿ ಪರಕೀಯವೆನಿಸುವುದಿಲ್ಲ. ಮೆಟ್ಟನ್ನು ಹೊರಗೆ ಬಿಟ್ಟು ಒಳಗೆ ಹೋಗುತ್ತಾರೆ, ಮರಳಿ ಬಂದು ಮೆಟ್ಟಿಕೊಂಡು ಹೊರಡುತ್ತಾರೆ. ದಕ್ಖನಿನಿಂದ ಉತ್ತರ ಹಿಂದೂಸ್ಥಾನಕ್ಕೆ ಹೋಗುವ ಹಳೆಯ ಹಾದಿಯ ಮೇಲಿನ ಈ ಊರು ಎಷ್ಟು ಸೈನ್ಯಗಳ ಕಾಲುಗಳನ್ನು ಕಂಡಿತೋ! ನಮ್ಮ ಚರಿತ್ರೆಯ ಪುಸ್ತಕಗಳು ಆ ಸೈನ್ಯಗಳ ಕತ್ತಿ, ಕುದುರೆ, ಫಿರಂಗಿಗಳನ್ನು ಎಣಿಸಿವೆ. ಕಾಲಿಗೆ ಏನು ಮೆಟ್ಟಿದ್ದರು ಎಂಬುದನ್ನು ವಿಚಾರಿಸಿದ್ದು ಅಪರೂಪ.

ಈ ಲೇಖನ ಆ ಕಡೆಗಣಿಸಿದ ವಸ್ತುವಿನ ಬಗ್ಗೆ. ಅದರಲ್ಲಿಯೂ ಎನ್‌ಸಿಸಿ ಕೆಡೆಟ್ ಆಗಿ ಸೇರುವ ಹದಿನೈದು, ಹದಿನೆಂಟು ವರ್ಷದ ಹುಡುಗ ಹುಡುಗಿಯರ ಕಾಲಿಗೆ ಬರುವ ಕಪ್ಪು ಬೂಟಿನ ಬಗ್ಗೆ. ಬೂಟನ್ನು ಹೇಗೆ ಆರಿಸಬೇಕು, ಹೇಗೆ ಕಾಪಾಡಬೇಕು ಎಂಬುದು ಮೇಲ್ನೋಟಕ್ಕೆ ಅಂಗಡಿಯವನೋ ಉಸ್ತಾದನೋ ಹೇಳಿಕೊಡಬೇಕಾದ ಸಂಗತಿ. ಆದರೆ ಈ ದೇಶದಲ್ಲಿ ಬೂಟನ್ನು ಮೆಟ್ಟುವ ಕಾಲಿಗೂ ಅದನ್ನು ಉಜ್ಜುವ ಕೈಗೂ ಒಂದೊಂದು ಚರಿತ್ರೆಯಿದೆ. ಆ ಎರಡು ಚರಿತ್ರೆಗಳು ಒಬ್ಬನೇ ವ್ಯಕ್ತಿಯಲ್ಲಿ ಕೂಡಿದ್ದು ಕೆಡೆಟ್‌ನಲ್ಲಿ ಎಂಬುದು ನನ್ನ ತಿಳಿವಳಿಕೆ.

ಚಾಂದವಡ ಬ್ರಿಟಿಷರ ಕೈಸೇರಿದ್ದು 1818ರಲ್ಲಿ, ಮೂರನೆಯ ಮರಾಠಾ ಯುದ್ಧದ ಕೊನೆಗೆ. ಆ ಕಾಲದ ಕಂಪನಿಯ ಸಿಪಾಯಿಯ ಮೈಮೇಲೆ ಕೆಂಪು ಕೋಟು ಬಂದಿತ್ತು. ಕಾಲಿಗೆ ಮಾತ್ರ ಬಹುಕಾಲ ನಾಡಿನ ಚಪ್ಪಲಿ, ಜೋಡುಗಳೇ ಇದ್ದವು. ವಿಲಾಯತಿ ಮಾದರಿಯ ಬೂಟು ಭಾರತೀಯ ಸೈನಿಕನ ಕಾಲಿಗೆ ಏರಿದ್ದು ನಿಧಾನವಾಗಿ, ಹತ್ತೊಂಬತ್ತನೆಯ ಶತಮಾನ ಸರಿಯುತ್ತ ಹೋದಂತೆ. ಇದಕ್ಕೆ ಖರ್ಚು ಒಂದು ಕಾರಣವಾದರೆ ಚರ್ಮದ ಬಗೆಗಿನ ಅಳುಕು ಇನ್ನೊಂದು. 1806ರ ಜುಲೈ 10ರಂದು ವೆಲ್ಲೂರಿನ ಸಿಪಾಯಿಗಳು ದಂಗೆಯೆದ್ದಾಗ ಕಾರಣಗಳ ಪಟ್ಟಿಯಲ್ಲಿ ಹೊಸ ಟೋಪಿಗೆ ಸಿಕ್ಕಿಸಿದ ಚರ್ಮದ ಅಲಂಕಾರವೂ ಇತ್ತು. ಅದು ಯಾವ ಪ್ರಾಣಿಯ ಚರ್ಮ ಎಂಬ ಶಂಕೆಯೇ ಕಿಡಿಯಾಯಿತು. ತಲೆಯ ಮೇಲಿನ ಚರ್ಮದ ತುಣುಕಿಗೆ ಅಷ್ಟು ಆತಂಕಪಟ್ಟ ಸಮಾಜದಲ್ಲಿ ಕಾಲಿನ ಚರ್ಮಕ್ಕೂ ತನ್ನದೇ ಆದ ಕಟ್ಟಳೆಗಳಿದ್ದವು.

ಆ ಕಟ್ಟಳೆಗಳಲ್ಲಿ ಮೊದಲನೆಯದು, ಯಾರು ಎಲ್ಲಿ ಮೆಟ್ಟಬಹುದು ಎಂಬುದು. ದಲಿತರು ಮೇಲಿನ ಕೇರಿಗಳನ್ನು ಹಾದುಹೋಗುವಾಗ ಮೆಟ್ಟನ್ನು ಕೈಯಲ್ಲಿ ಹಿಡಿದು ನಡೆಯಬೇಕಾಗಿದ್ದ ಊರುಗಳು ಕನ್ನಡನಾಡಿನಲ್ಲಿಯೂ ಇದ್ದವು, ಮಹಾರಾಷ್ಟ್ರದಲ್ಲಿಯೂ ಇದ್ದವು. ಬ್ರಿಟಿಷ್ ಅಧಿಕಾರಿಗಳು ಈ ಕಟ್ಟಳೆಯನ್ನು ತಮ್ಮ ರೀತಿಯಲ್ಲಿ ಬಳಸಿಕೊಂಡರು. ಲಾರ್ಡ್ ಆಮ್ಹರ್ಸ್ಟ್ ಗವರ್ನರ್ ಜನರಲ್ ಆಗಿದ್ದ 1820ರ ದಶಕದಲ್ಲಿ, ತನ್ನೆದುರು ಬರುವ ಭಾರತೀಯರು ಪಾದರಕ್ಷೆ ಕಳಚಿ ಗೌರವ ತೋರಬೇಕೆಂದು ಒತ್ತಾಯಿಸಿದ. 1862ರಲ್ಲಿ ಮುಂಬಯಿ ಪ್ರಾಂತದ ಸೂರತ್‌ನ ನ್ಯಾಯಾಲಯದಲ್ಲಿ ಅಸೆಸರ್ ಆಗಿದ್ದ ಮಾಣೆಕ್‌ಜಿ ಕಾವಸ್‌ಜಿ ಎಂಟೀ ಎಂಬ ಪಾರಸಿ ಗೃಹಸ್ಥರು ನ್ಯಾಯಾಧೀಶರ ಮುಂದೆ ಜೋಡು ಕಳಚಲು ಒಪ್ಪಲಿಲ್ಲ. ಅವರಿಗೆ ನ್ಯಾಯಾಲಯದ ಪ್ರವೇಶ ನಿಷೇಧವಾಯಿತು. ಈ ವಾದವಿವಾದಕ್ಕೆ ‘ಪಾದರಕ್ಷೆಯ ಮಹಾಪ್ರಶ್ನೆ’ ಎಂಬ ಹೆಸರೇ ಬಂತು. ಭಾರತೀಯರ ಉತ್ತರ ಸ್ಪಷ್ಟವಾಗಿತ್ತು: ಗುಡಿಯಲ್ಲಿಯೂ ಮನೆಯಲ್ಲಿಯೂ ಮೆಟ್ಟು ಬಿಡುವುದು ನಮ್ಮ ಆಚಾರ, ಸಾರ್ವಜನಿಕ ಸ್ಥಳದಲ್ಲಿ ಬಿಡಿಸುವುದು ಅವಮಾನ. ಹಳ್ಳಿಯ ಗೌಡನೂ ಜಿಲ್ಲೆಯ ದೊರೆಯೂ ಈ ಒಂದು ವಿಷಯದಲ್ಲಿ ಸಮಾನಮನಸ್ಕರಾಗಿದ್ದರು ಎಂದರೆ ತಪ್ಪಲ್ಲ. ಎದುರಿನವನ ಬರಿಗಾಲು ತಮ್ಮ ಅಧಿಕಾರದ ಸಾಕ್ಷಿ ಎಂದು ಇಬ್ಬರೂ ತಿಳಿದಿದ್ದರು.

ಎರಡನೆಯ ಕಟ್ಟಳೆ, ಚರ್ಮವನ್ನು ಮುಟ್ಟುವವರು ಯಾರು ಎಂಬುದು. ಇಲ್ಲಿ ಕನ್ನಡದ ನೆನಪು ಬೇರೆಯವರಿಗಿಂತ ಆಳವಾಗಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯ ‘ಶರಣು’ ಎಂದಾಗ ಬಸವಣ್ಣ ‘ಶರಣು ಶರಣಾರ್ಥಿ’ ಎಂದು ಎರಡು ಪಾಲು ಮರಳಿಸಿದರಂತೆ. ಆ ಋಣದ ಭಾರ ತಾಳಲಾರದೆ ಹರಳಯ್ಯ, ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿ ತಂದರೆಂದೂ, ಬಸವಣ್ಣ ಅವನ್ನು ಮೆಟ್ಟದೆ ತಲೆಯ ಮೇಲೆ ಹೊತ್ತರೆಂದೂ ಪರಂಪರೆ ಹೇಳುತ್ತದೆ. ಐತಿಹ್ಯ ಐತಿಹ್ಯವೇ ಇರಲಿ. ಮೆಟ್ಟು ಮಾಡುವ ಕೈ ಪೂಜ್ಯ ಎಂದು ಹೇಳಲು ಕನ್ನಡ ಸಮಾಜ ಈ ಕಥೆಯನ್ನು ಎಂಟು ಶತಮಾನ ಕಾಪಾಡಿಕೊಂಡಿತು. ವಿಪರ್ಯಾಸವೆಂದರೆ ಅಷ್ಟೂ ಕಾಲ ‘ಕೆರ’ ಎಂಬ ಮಾತನ್ನು ಬೈಗುಳವಾಗಿಯೂ ಕಾಪಾಡಿಕೊಂಡಿತು. ಇಂದಿಗೂ ಕೊಲ್ಹಾಪುರಿ ಎಂದು ಹೆಸರಾದ ಚಪ್ಪಲಿಯ ಗಣನೀಯ ಭಾಗ ಅಥಣಿ, ನಿಪ್ಪಾಣಿಗಳ ಕಡೆ ತಯಾರಾಗುತ್ತದೆ. ಅದರ ಭೌಗೋಳಿಕ ಸೂಚಿಕೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಎಂಬ ನಮ್ಮ ನಾಲ್ಕು ಜಿಲ್ಲೆಗಳೂ ಸೇರಿವೆ. ಜಾಲಿಯ ತೊಗಟೆ, ಅಳಲೆಕಾಯಿಗಳಲ್ಲಿ ಹದಗೊಂಡ ಆ ಚರ್ಮದ ಹಿಂದೆ ಇರುವವರು ಹರಳಯ್ಯನ ಕುಲಕಸುಬಿನವರೇ.

ಬೂಟಿನ ಚರ್ಮಕ್ಕೂ ಕನ್ನಡನಾಡಿಗೂ ನಂಟಿದೆ. ಹಳದಿ ಹೂ ಬಿಡುವ ತಂಗಡಿ ಗಿಡ, ಅಂದರೆ ಆವರಿಕೆ, ಮೈಸೂರು ಸೀಮೆಯ ಬಯಲುಗಳಲ್ಲಿ ಯಥೇಚ್ಛವಾಗಿ ಬೆಳೆಯುತ್ತಿತ್ತು. ದಕ್ಷಿಣ ಭಾರತದ ಹದಗಾರರು ಅದರ ತೊಗಟೆಯಿಂದ ತೊಗಲನ್ನು ಅರೆಹದ ಮಾಡಿ ಇಂಗ್ಲೆಂಡಿಗೆ ಕಳುಹಿಸುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಬೂಟಿನ ಮೇಲ್ಭಾಗಕ್ಕೆ ಈ ತೊಗಲು ಎಷ್ಟು ಅಗತ್ಯವಾಯಿತೆಂದರೆ, ಸರ್ಕಾರವೇ ಅದರ ಖರೀದಿ ಮತ್ತು ರಫ್ತನ್ನು ತನ್ನ ಹತೋಟಿಗೆ ತೆಗೆದುಕೊಂಡಿತು. ಉತ್ತರದಲ್ಲಿ ಕಾನ್ಪುರ ಸೈನ್ಯದ ಜೀನು, ಬೂಟುಗಳ ಕೇಂದ್ರವಾಗಿ ಬೆಳೆದಿತ್ತು. ಫ್ಲಾಂಡರ್ಸ್‌ನ ಕೆಸರು ಕಂದಕಗಳಲ್ಲಿ ನಿಂತ ಎಷ್ಟೋ ಬೂಟುಗಳಲ್ಲಿ ನಮ್ಮ ಕಡೆಯ ತಂಗಡಿಯ ಕಷಾಯ ಇಳಿದಿತ್ತು ಎಂದು ನೆನೆದರೆ, ಜಗತ್ತಿನ ಚರಿತ್ರೆ ಅಷ್ಟು ದೂರದ್ದು ಎನಿಸುವುದಿಲ್ಲ.

ಆ ಬೂಟನ್ನು ಮೆಟ್ಟಿ ಸೈನಿಕನಾಗುವ ಅವಕಾಶ ಮಾತ್ರ ಎಲ್ಲರಿಗೂ ಇರಲಿಲ್ಲ. ಕಂಪನಿಯ ಮುಂಬಯಿ ಸೈನ್ಯದಲ್ಲಿ ಮಹಾರ್ ಸಮುದಾಯದ ಸಿಪಾಯಿಗಳು ದೊಡ್ಡ ಸಂಖ್ಯೆಯಲ್ಲಿದ್ದರು. ‘ಯೋಧ ಜನಾಂಗ’ ಎಂಬ ಸಿದ್ಧಾಂತ ಬಲಗೊಂಡ 1890ರ ದಶಕದಲ್ಲಿ ಅವರ ಭರ್ತಿಯನ್ನು ನಿಲ್ಲಿಸಲಾಯಿತು. ಸುಬೇದಾರರ ಮಗನಾಗಿ ಸೈನ್ಯದ ವಾತಾವರಣದಲ್ಲಿ ಹುಟ್ಟಿದ ಡಾ. ಬಿ. ಆರ್. ಅಂಬೇಡ್ಕರ್ ಅವರಿಗೆ ಇದರ ಅರ್ಥ ಚೆನ್ನಾಗಿ ಗೊತ್ತಿತ್ತು. ಸಮವಸ್ತ್ರದೊಂದಿಗೆ ಹೋದದ್ದು ಸಂಬಳವೊಂದೇ ಅಲ್ಲ, ಬೀದಿಯಲ್ಲಿ ತಲೆಯೆತ್ತಿ ನಡೆಯುವ ಅಧಿಕಾರವೂ ಹೋಯಿತು. ನಾಸಿಕ ಜಿಲ್ಲೆ ಈ ಹೋರಾಟದ ಎರಡು ಮುಖ್ಯ ಘಟ್ಟಗಳನ್ನು ಕಂಡಿದೆ. 1930ರ ಮಾರ್ಚ್ 2ರಂದು ನಾಸಿಕದ ಕಾಳಾರಾಮ ಮಂದಿರದ ಸತ್ಯಾಗ್ರಹ ಆರಂಭವಾಯಿತು. 1935ರ ಅಕ್ಟೋಬರ್ 13ರಂದು, ಚಾಂದವಡಕ್ಕೆ ಹತ್ತಿರದ ಯೇವಲಾದಲ್ಲಿ, ಹಿಂದುವಾಗಿ ಹುಟ್ಟಿದರೂ ಹಿಂದುವಾಗಿ ಸಾಯುವುದಿಲ್ಲ ಎಂಬ ಘೋಷಣೆ ಹೊರಟಿತು. ಎರಡನೆಯ ಮಹಾಯುದ್ಧ ಬಂದಾಗ ಸೈನ್ಯದ ಬಾಗಿಲು ಮತ್ತೆ ತೆರೆಯಿತು. ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ 1941ರ ಅಕ್ಟೋಬರ್ 1ರಂದು ಕಟ್ಟಲ್ಪಟ್ಟಿತು. ಕಟ್ಟಿದ ಊರು ನಮ್ಮ ಬೆಳಗಾವಿ.

ಎಳೆಯರನ್ನು ಸೈನಿಕ ಶಿಸ್ತಿಗೆ ಒಳಪಡಿಸುವ ಯತ್ನಗಳು ಇದೇ ಅವಧಿಯಲ್ಲಿ ನಡೆದವು. 1917ರಲ್ಲಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗಾಗಿ ತುಕಡಿಗಳು ಆರಂಭಗೊಂಡವು. 1920ರ ಕಾಯಿದೆಯ ನಂತರ ಅವಕ್ಕೆ ‘ಯೂನಿವರ್ಸಿಟಿ ಟ್ರೇನಿಂಗ್ ಕೋರ್’ ಎಂಬ ಹೆಸರಾಯಿತು. 1922ರಲ್ಲಿ ಡೆಹ್ರಾಡೂನಿನಲ್ಲಿ ಭಾರತೀಯ ಹುಡುಗರಿಗಾಗಿ ಮಿಲಿಟರಿ ಕಾಲೇಜು ಬಂತು. ನಾಸಿಕದಲ್ಲಿ ಡಾ. ಬಿ. ಎಸ್. ಮುಂಜೆಯವರು 1937ರಲ್ಲಿ ಭೋಸಲಾ ಮಿಲಿಟರಿ ಸ್ಕೂಲ್ ಸ್ಥಾಪಿಸಿದರು. ಸೈನಿಕರ ಮಕ್ಕಳಿಗಾಗಿ ಬೆಳಗಾವಿಯಲ್ಲಿ 1945ರಲ್ಲಿಯೂ ಬೆಂಗಳೂರಿನಲ್ಲಿ 1946ರಲ್ಲಿಯೂ ಕಿಂಗ್ ಜಾರ್ಜ್ ಶಾಲೆಗಳು ಬಂದವು. ಆದರೆ ಇವೆಲ್ಲ ಕೆಲವರಿಗೆ ಮಾತ್ರ ತೆರೆದ ಬಾಗಿಲುಗಳು: ವಿಶ್ವವಿದ್ಯಾಲಯ ತಲುಪಿದವರಿಗೆ, ಶುಲ್ಕ ಕಟ್ಟಬಲ್ಲವರಿಗೆ, ಅಥವಾ ಸೈನಿಕನ ಮಕ್ಕಳಿಗೆ.

ಸಾಮಾನ್ಯ ಶಾಲೆಯ ಅಂಗಳಕ್ಕೆ ಬೂಟು ಬಂದದ್ದು ಎನ್‌ಸಿಸಿಯಿಂದ. ಪಂಡಿತ ಹೃದಯನಾಥ ಕುಂಜರೂ ಅಧ್ಯಕ್ಷತೆಯ ಸಮಿತಿ 1946ರಲ್ಲಿ ನೇಮಕಗೊಂಡು, ದೇಶವ್ಯಾಪಿಯಾದ ಕೆಡೆಟ್ ಸಂಸ್ಥೆಯೊಂದನ್ನು ಶಿಫಾರಸು ಮಾಡಿತು. 1948ರ ಕಾಯಿದೆಯ ಪ್ರಕಾರ ಅದೇ ವರ್ಷದ ಜುಲೈ 15ರಂದು ನ್ಯಾಷನಲ್ ಕೆಡೆಟ್ ಕೋರ್ ಅಸ್ತಿತ್ವಕ್ಕೆ ಬಂತು. ಮರುವರ್ಷ ಹೆಣ್ಣುಮಕ್ಕಳ ವಿಭಾಗವೂ ಸೇರಿತು. ಸಂಸ್ಥೆಯ ಮೊದಲ ನಿರ್ದೇಶಕರು ಗೋಪಾಲ ಗುರುನಾಥ ಬೇವೂರು. ಆಗ ಕರ್ನಲ್ ಆಗಿದ್ದ ಅವರು ಮುಂದೆ 1973ರಿಂದ 1975ರವರೆಗೆ ಭೂಸೇನೆಯ ಮುಖ್ಯಸ್ಥರಾದರು. ಅವರ ಮನೆತನದ ಹೆಸರು ಬಾಗಲಕೋಟೆಯ ಕಡೆಯವರ ಕಿವಿಗೆ ತಮ್ಮೂರ ಪಕ್ಕದ ಊರಿನ ಹೆಸರಾಗಿಯೇ ಕೇಳಿಸುತ್ತದೆ. ಚೀನಾ ಯುದ್ಧದ ಮರುವರ್ಷ, 1963ರಲ್ಲಿ, ಕಾಲೇಜು ವಿದ್ಯಾರ್ಥಿಗಳಿಗೆ ಎನ್‌ಸಿಸಿ ಕಡ್ಡಾಯವಾಯಿತು. 1968ರಲ್ಲಿ ಮತ್ತೆ ಐಚ್ಛಿಕವಾಯಿತು. ಆ ಐದು ವರ್ಷಗಳಲ್ಲಿ, ಅದುವರೆಗೆ ಚಪ್ಪಲಿಯನ್ನೇ ಸರಿಯಾಗಿ ಕಾಣದ ಎಷ್ಟೋ ಹಳ್ಳಿಯ ಹುಡುಗರು ಮೊದಲ ಸಲ ಲೇಸು ಕಟ್ಟುವುದನ್ನು ಕಲಿತರು. ಊರಿನ ಅಗಸೆಯ ಬಳಿ ಅಪ್ಪ ಮೆಟ್ಟು ಕಳಚುತ್ತಿದ್ದನೋ, ಮಗ ಕಾಲೇಜಿನ ಮೈದಾನದಲ್ಲಿ ‘ಕದಮ್ ತಾಲ್’ ಎಂಬ ಆಜ್ಞೆಗೆ ನೆಲ ನಡುಗುವಂತೆ ಹೆಜ್ಜೆ ಅಪ್ಪಳಿಸಿದ. ‘ಸಾವಧಾನ್’ ಎಂದರೆ ಹಿಮ್ಮಡಿಗಳು ಕೂಡಬೇಕು, ‘ವಿಶ್ರಾಮ್’ ಎಂದರೆ ಎಡಗಾಲು ಹನ್ನೆರಡು ಇಂಚು ಸರಿಯಬೇಕು, ನಡೆದರೆ ಹೆಜ್ಜೆ ಮೂವತ್ತು ಇಂಚು ಇರಬೇಕು. ಈ ಅಳತೆಗಳಲ್ಲಿ ಜಾತಿಗೊಂದು, ಕೇರಿಗೊಂದು ಎಂಬ ವ್ಯತ್ಯಾಸವಿಲ್ಲ.

ಹೆಜ್ಜೆಗೆ ಒಂದೇ ಅಳತೆ ಇರಬಹುದು, ಕಾಲಿಗೆ ಇರಲಾರದು. ಬೂಟಿನ ಆಯ್ಕೆಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ನಾವು ಬಳಸುವ ಇಂಗ್ಲಿಷ್ ಸೈಜಿನ ಮೂಲ ಜವೆಗೋಧಿಯ ಕಾಳು. ಮೂರು ಕಾಳು ಉದ್ದುದ್ದ ಜೋಡಿಸಿದರೆ ಒಂದು ಇಂಚು. ಒಂದು ಸೈಜಿಗೂ ಮುಂದಿನದಕ್ಕೂ ಒಂದು ಕಾಳಿನ ಅಂತರ. ನಮ್ಮ ಹಳೆಯ ಅಳತೆಯಲ್ಲಿಯೂ ಎಂಟು ಯವ ಸೇರಿದರೆ ಒಂದು ಅಂಗುಲ, ಯವ ಎಂದರೆ ಅದೇ ಜವೆ. ಕಾಳು ಎರಡೂ ಕಡೆಗೆ ಒಂದೇ ಆದರೂ ಕಾಲು ಒಂದೇ ಅಲ್ಲ. ಬರಿಗಾಲಿನಲ್ಲಿಯೋ ಚಪ್ಪಲಿಯಲ್ಲಿಯೋ ಬೆಳೆದ ಕಾಲು ಬೆರಳುಗಳ ಬುಡದಲ್ಲಿ ಅಗಲವಾಗಿ ಹರಡಿಕೊಳ್ಳುತ್ತದೆ. ಬೂಟಿನ ಅಚ್ಚು ಬಂದದ್ದು ಯುರೋಪಿನಿಂದ. ಹೀಗಾಗಿ ಉದ್ದಕ್ಕೆ ಸರಿಹೋದ ಬೂಟು ಅಗಲಕ್ಕೆ ಕಚ್ಚುತ್ತದೆ, ಅಗಲಕ್ಕೆ ಸರಿಹೋದದ್ದು ಹಿಮ್ಮಡಿಯಲ್ಲಿ ಸಡಿಲವಾಗುತ್ತದೆ.

ಇದು ಭಾರತೀಯರ ಕಾಲಿಗೆ ಮಾತ್ರ ಅಂಟಿದ ತೊಂದರೆಯಲ್ಲ. ಅಮೆರಿಕದ ಸೇನಾ ವೈದ್ಯ ಎಡ್ವರ್ಡ್ ಮನ್ಸನ್ ನೇತೃತ್ವದ ಮಂಡಳಿ ನಾಲ್ಕು ವರ್ಷ ಸುಮಾರು 2,000 ಸೈನಿಕರ ಕಾಲುಗಳನ್ನು ಪರೀಕ್ಷಿಸಿತು. ಸೈನಿಕನ ಕಾಲು ಮತ್ತು ಬೂಟಿನ ಕುರಿತು ಆತ ಬರೆದ ಕೈಪಿಡಿ 1912ರಲ್ಲಿ ಪ್ರಕಟವಾಯಿತು. ಹೆಚ್ಚಿನ ಸೈನಿಕರು ತಮ್ಮ ಕಾಲಿಗಿಂತ ಚಿಕ್ಕದಾದ ಬೂಟನ್ನು ತಾವಾಗಿಯೇ ಆರಿಸಿಕೊಂಡಿದ್ದರು ಎಂಬುದು ಆ ಪರಿಶೀಲನೆ ಕಂಡುಕೊಂಡ ಸತ್ಯ. ಕುಳಿತು ಅಳೆದ ಕಾಲು ಒಂದು, ಹೊರೆ ಹೊತ್ತು ನಿಂತ ಕಾಲು ಇನ್ನೊಂದು. ಆದ್ದರಿಂದ ಬೆನ್ನಿನ ಮೇಲೆ ನಲವತ್ತು ಪೌಂಡ್ ಭಾರ ಹೊರಿಸಿ, ಇಡೀ ಮೈಭಾರ ಒಂದೇ ಕಾಲಿನ ಮೇಲೆ ಬೀಳುವಂತೆ ನಿಲ್ಲಿಸಿ ಅಳತೆ ತೆಗೆಯಬೇಕೆಂಬ ನಿಯಮ ಬಂತು. ಅದುವರೆಗೆ ಕಾಲೇ ಬೂಟಿಗೆ ಒಗ್ಗಬೇಕಿತ್ತು; ಬೂಟು ಕಾಲಿಗೆ ಒಗ್ಗಬೇಕು ಎಂಬ ವಿವೇಕ ಸೇನೆಗಳಿಗೆ ಮೂಡಿದ್ದು ಹೀಗೆ.

ನಮ್ಮಲ್ಲಿ ಆ ವಿವೇಕ ತಡವಾಗಿ ಬಂತು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಸ್ಥಾಪನೆಯಾದದ್ದು 1948ರಲ್ಲಿ, ಎನ್‌ಸಿಸಿ ಹುಟ್ಟಿದ ವರ್ಷವೇ. ಅದೇ ಸಂಸ್ಥೆ ಇತ್ತೀಚೆಗೆ ದೇಶದ ಬೇರೆ ಬೇರೆ ಭಾಗಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆದು, ಭಾರತೀಯರ ಪಾದ ಯುರೋಪ್, ಅಮೆರಿಕಗಳವರ ಪಾದಕ್ಕಿಂತ ಅಗಲವೆಂದು ಕಂಡುಕೊಂಡಿದೆ. ‘ಭ’ ಎಂಬ ಹೆಸರಿನ ನಮ್ಮದೇ ಅಳತೆಯ ಪದ್ಧತಿಯೊಂದು ಪ್ರಸ್ತಾಪದಲ್ಲಿದೆ. ಅಂದರೆ ಎನ್‌ಸಿಸಿಯ ಏಳು ದಶಕಗಳ ಕೆಡೆಟ್‌ಗಳು ಪರರ ಅಚ್ಚಿಗೆ ಹೊಲಿದ ಬೂಟಿನಲ್ಲಿಯೇ ಹೆಜ್ಜೆ ಹಾಕಿದರು.

ಹಿಂದೆ ಕೆಡೆಟ್‌ಗೆ ಆಯ್ಕೆಯ ಅವಕಾಶವೂ ಇರಲಿಲ್ಲ. ತೊಂಬತ್ತರ ದಶಕದಲ್ಲಿ, ಉತ್ತರ ಕರ್ನಾಟಕದ ಊರೊಂದರಲ್ಲಿ ನಾನು ಕೆಡೆಟ್ ಆಗಿದ್ದಾಗ, ಬೂಟುಗಳು ಗೋಣಿಚೀಲದಲ್ಲಿ ಬಂದು ನೆಲದ ಮೇಲೆ ರಾಶಿಯಾಗುತ್ತಿದ್ದವು. ಅಂಗಾಲಿನಲ್ಲಿ ಮೊಳೆ, ಹಿಮ್ಮಡಿಯಲ್ಲಿ ಲಾಳ ಬಡಿದ ಹಳೆಯ ಬೂಟಿನ ಕಾಲ ಮುಗಿದು, ರಬ್ಬರ್ ಅಟ್ಟೆಯ ಡಿಎಂಎಸ್ ಬೂಟು ಬಂದಿತ್ತು. ಜೋಡಿ ಹುಡುಕಿಕೊಂಡವನೇ ಅದೃಷ್ಟವಂತ. ದೊಡ್ಡದಾದರೆ ಎರಡು ಕಾಲುಚೀಲ, ಚಿಕ್ಕದಾದರೆ ಗೆಳೆಯನೊಂದಿಗೆ ಅದಲುಬದಲು. ಇತ್ತೀಚಿನ ವರ್ಷಗಳಲ್ಲಿ ಸಮವಸ್ತ್ರದ ಭತ್ಯೆಯನ್ನು ಕೆಡೆಟ್‌ನ ಬ್ಯಾಂಕ್ ಖಾತೆಗೇ ಜಮಾ ಮಾಡುವ ಪದ್ಧತಿ ಬಂದಿದೆ. ಹಾಗಾಗಿ ಬೂಟನ್ನು ಆರಿಸುವ ಹೊಣೆ ಮೊದಲ ಬಾರಿಗೆ ಹದಿಹರೆಯದವರ ಮೇಲೆಯೇ ಬಿದ್ದಿದೆ. ಅಂಗಡಿಯಲ್ಲಿ ಅವರಿಗೆ ಮೊದಲು ಕಣ್ಣಿಗೆ ಬೀಳುವುದು ಹೊಳಪು. ನೋಡಬೇಕಾದದ್ದು ಬೇರೆ.

ಸಂಜೆಯ ಹೊತ್ತು ಕೊಳ್ಳಲು ಹೋಗುವುದು ಲೇಸು. ದಿನವಿಡೀ ನಡೆದ ಕಾಲು ಬೆಳಗಿಗಿಂತ ತುಸು ಊದಿರುತ್ತದೆ, ಕವಾಯತಿನ ಕಾಲೂ ಅಂಥದೇ. ಕವಾಯತಿಗೆ ತೊಡುವ ದಪ್ಪ ಕಾಲುಚೀಲವನ್ನೇ ತೊಟ್ಟು ಅಳತೆ ನೋಡಬೇಕು. ಎರಡು ಕಾಲುಗಳಲ್ಲಿ ಒಂದು ಕೊಂಚ ದೊಡ್ಡದಿರುವುದು ಸಹಜ. ದೊಡ್ಡ ಕಾಲನ್ನೇ ಪ್ರಮಾಣವಾಗಿ ಇಟ್ಟುಕೊಳ್ಳಬೇಕು. ಎದ್ದು ನಿಂತು, ಗೆಳೆಯನ ಚೀಲವನ್ನೋ ಪುಸ್ತಕದ ಹೊರೆಯನ್ನೋ ಬೆನ್ನಿಗೇರಿಸಿ, ಅತಿ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿದಿದೆಯೇ ಎಂದು ಪರೀಕ್ಷಿಸಬೇಕು. ಬೆರಳುಗಳು ಒಳಗೆ ಅಲುಗಾಡಬೇಕು, ಹಿಮ್ಮಡಿ ಮೇಲೇಳಬಾರದು. ಬೂಟು ಬಾಗುವ ಜಾಗವೂ ಕಾಲು ಬಾಗುವ ಜಾಗವೂ ಒಂದೇ ಆಗಿರಬೇಕು. ನಾಲಗೆಯ ಹೊಲಿಗೆ, ಅಟ್ಟೆ ಕೂಡಿದ ಅಂಚು, ಲೇಸಿನ ಕಣ್ಣುಗಳನ್ನು ಬೆರಳಾಡಿಸಿ ನೋಡಬೇಕು. ‘ತೊಡುತ್ತಾ ತೊಡುತ್ತಾ ಸರಿಹೋಗುತ್ತದೆ’ ಎಂಬ ಅಂಗಡಿಯವನ ಮಾತು ಅಗಲಕ್ಕೆ ಕೊಂಚ ಮಟ್ಟಿಗೆ ನಿಜ, ಉದ್ದಕ್ಕೆ ಎಂದಿಗೂ ನಿಜವಲ್ಲ.

ಹೊಸ ಬೂಟನ್ನು ಪಳಗಿಸುವುದು ತಾಳ್ಮೆಯ ಕೆಲಸ. ಮನ್ಸನ್‌ನ ಕಾಲದಲ್ಲಿ, ಬೂಟು ಮೆಟ್ಟಿ ಎರಡೂವರೆ ಇಂಚು ನೀರಿನಲ್ಲಿ ಐದು ನಿಮಿಷ ನಿಂತು, ಅನಂತರ ಅವು ಕಾಲಿನಲ್ಲಿಯೇ ಒಣಗುವಂತೆ ಒಂದು ತಾಸು ನಡೆಯಬೇಕೆಂಬ ಕ್ರಮವಿತ್ತು. ಅದು ಹೊಲಿದ ಚರ್ಮದ ಅಟ್ಟೆಯ ಬೂಟಿಗೆ ತಕ್ಕದ್ದು. ಅಂಟಿಸಿದ ಅಟ್ಟೆಯ ಇಂದಿನ ಬೂಟಿಗೆ ಸಲ್ಲದು. ಈಗ ಮಾಡಬೇಕಾದದ್ದು ಇಷ್ಟೇ: ಶಿಬಿರಕ್ಕೆ ಎರಡು ಮೂರು ವಾರ ಮುಂಚಿತವಾಗಿ ಕೊಂಡು, ಮೊದಲು ಮನೆಯಲ್ಲಿ ಅರ್ಧ ತಾಸು, ಆಮೇಲೆ ಬೀದಿಯಲ್ಲಿ ಒಂದು ತಾಸು ಎಂದು ಹೆಚ್ಚಿಸುತ್ತ ಹೋಗುವುದು. ಬೊಕ್ಕೆ ಎದ್ದರೆ ಒಂದು ದಿನ ಬಿಡುವುದು. ಪರೇಡಿನ ಹಿಂದಿನ ದಿನ ಹೊಸ ಬೂಟು ತಂದವನ ನಡಿಗೆಯನ್ನು ಪರೇಡಿನ ದಿನ ಇಡೀ ಮೈದಾನ ನೋಡುತ್ತದೆ.

ಒದ್ದೆ ಬೂಟಿನ ಅಪಾಯವನ್ನು ಜಗತ್ತು ಕಲಿತದ್ದು 1914–15ರ ಚಳಿಗಾಲದಲ್ಲಿ. ಪಶ್ಚಿಮ ರಣರಂಗದ ಕಂದಕಗಳಲ್ಲಿ ದಿನಗಟ್ಟಲೆ ತೊಯ್ದ ಬೂಟಿನಲ್ಲಿ ನಿಂತ ಸೈನಿಕರ ಕಾಲು ಮರಗಟ್ಟಿ ಕೊಳೆಯತೊಡಗಿತು. ಭಾರತೀಯ ಸೈನಿಕರೂ ಅಲ್ಲಿದ್ದರು. ಅದನ್ನು ತಡೆದದ್ದು ಒಣಗಿದ ಕಾಲುಚೀಲ, ಎಣ್ಣೆಯ ಲೇಪ ಮತ್ತು ಅಧಿಕಾರಿಗಳೇ ಸೈನಿಕರ ಕಾಲುಗಳನ್ನು ದಿನವೂ ಪರೀಕ್ಷಿಸುವ ಕಟ್ಟುನಿಟ್ಟು. ನಮ್ಮ ಕೆಡೆಟ್‌ಗಳಿಗೆ ಅಂಥ ಚಳಿ ಇಲ್ಲ. ಆದರೆ ನಾಸಿಕದ ಕಡೆಯಲ್ಲಿಯೂ ನಮ್ಮ ಧಾರವಾಡ, ವಿಜಯಪುರಗಳಲ್ಲಿಯೂ ಎರೆಮಣ್ಣಿದೆ, ಮಳೆಗಾಲವಿದೆ. ಎರೆ ಮೆತ್ತಿದ ಬೂಟನ್ನು ಹಸಿಯಿರುವಾಗಲೇ ಕಡ್ಡಿಯಿಂದ ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಒಳಗೆ ಹಳೆಯ ಪತ್ರಿಕೆಯ ಕಾಗದ ತುರುಕಿ, ಗಾಳಿಯಾಡುವ ನೆರಳಿನಲ್ಲಿ ಇಡಬೇಕು. ಒಲೆಯ ಮುಂದೆಯೋ ಉರಿಬಿಸಿಲಿನಲ್ಲಿಯೋ ಒಣಗಿಸಿದ ಚರ್ಮ ಸೀಳುತ್ತದೆ. ಬೂಷ್ಟು ಹಿಡಿದರೆ ಒರೆಸಿ, ಒಣಗಿಸಿ, ಆಮೇಲೆಯೇ ಪಾಲಿಷ್ ಮುಟ್ಟಿಸಬೇಕು.

ಪಾಲಿಷ್ ಎಂಬುದಕ್ಕೂ ಯುದ್ಧದ ನಂಟು ಇದೆ. ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ವಿಲಿಯಂ ರ್‍ಯಾಮ್ಸೆ 1906ರಲ್ಲಿ ತಯಾರಿಸಿ, ನ್ಯೂಜಿಲೆಂಡಿನವಳಾದ ಹೆಂಡತಿಯ ತವರಿನ ಹಕ್ಕಿಯ ಹೆಸರಿಟ್ಟ ‘ಕಿವಿ’ ಡಬ್ಬಿ, ಮೊದಲ ಮಹಾಯುದ್ಧದ ಸೈನಿಕರ ಚೀಲದಲ್ಲಿ ದೇಶದೇಶ ತಿರುಗಿತು. ಕೆಲಸದ ಕ್ರಮ ಅಂದಿಗೂ ಇಂದಿಗೂ ಒಂದೇ. ಲೇಸು ಬಿಚ್ಚಿ, ಧೂಳು ಬ್ರಷ್ಷಿನಿಂದ ತೆಗೆದು, ತೆಳುವಾಗಿ ಪಾಲಿಷ್ ಹಚ್ಚಿ, ಕೆಲ ಹೊತ್ತು ಬಿಟ್ಟು, ಬೇರೆ ಬ್ರಷ್ಷಿನಿಂದ ಉಜ್ಜಬೇಕು. ಮೂತಿಯ ಭಾಗಕ್ಕೆ ಮೆತ್ತನೆಯ ಹತ್ತಿಬಟ್ಟೆಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿ, ಒಂದು ಹನಿ ನೀರು, ಚಿಟಿಕೆ ಪಾಲಿಷ್, ಸಣ್ಣ ಸಣ್ಣ ಸುತ್ತುಗಳು. ಪದರದ ಮೇಲೆ ಪದರ ಕೂತು ಮುಖ ಕಾಣುವವರೆಗೆ ಇದು ನಡೆಯಬೇಕು. ಬಾಗುವ ಕಡೆ ಹೀಗೆ ದಪ್ಪ ಪದರ ಕಟ್ಟಬಾರದು, ಅದು ಬಿರಿಯುತ್ತದೆ.

ಇಷ್ಟು ಕೆಲಸವನ್ನು ಯಾರು ಮಾಡಬೇಕು? ನನ್ನ ತುಕಡಿಯಲ್ಲಿ ಈ ಪ್ರಶ್ನೆ ಒಮ್ಮೆ ನೇರವಾಗಿಯೇ ಬಂತು. ಹತ್ತು ದಿನಗಳ ಶಿಬಿರ. ನಮ್ಮೊಡನಿದ್ದ ಒಬ್ಬ ಗೆಳೆಯನ ತಂದೆ ಬಸ್ ನಿಲ್ದಾಣದ ಎದುರಿನ ಮರದಡಿಯಲ್ಲಿ ಮೆಟ್ಟು ಹೊಲಿಯುತ್ತಿದ್ದರು. ಅವನ ಬೂಟಿನ ಹೊಳಪು ತುಕಡಿಯಲ್ಲೇ ಮೇಲು. ಎರಡನೆಯ ರಾತ್ರಿ, ಒಳ್ಳೆಯ ಮನೆಯ ಹುಡುಗನೊಬ್ಬ ತನ್ನ ಬೂಟನ್ನು ತಂದು ಅವನ ಮುಂದೆ ಇಟ್ಟು, ‘ನಿನಗಿದು ಬರುತ್ತದಲ್ಲ, ಇದನ್ನೂ ಸ್ವಲ್ಪ ನೋಡು’ ಎಂದ. ಕೇಡಿನ ಮಾತಲ್ಲ, ರೂಢಿಯ ಮಾತು. ಗೆಳೆಯ ಕೈಯಲ್ಲಿದ್ದ ಬ್ರಷ್ಷನ್ನು ಅವನ ಕಡೆ ಚಾಚಿ, ‘ಬಾ, ಕೂಡು. ಹೇಗೆಂದು ತೋರಿಸುತ್ತೇನೆ, ಮಾಡುವವನು ನೀನೇ’ ಎಂದ. ಬಾಗಿಲಲ್ಲಿ ನಿಂತಿದ್ದ ಹವಾಲ್ದಾರ್ ಉಸ್ತಾದ್ ಇದನ್ನು ಕೇಳಿಸಿಕೊಂಡರು. ಮರುದಿನ ಬೆಳಗಿನ ಫಾಲಿನ್‌ನಲ್ಲಿ ಯಾರ ಹೆಸರನ್ನೂ ಎತ್ತದೆ ಒಂದೇ ಮಾತು ಹೇಳಿದ್ದರು: ಒಬ್ಬನ ಬೂಟಿಗೆ ಇನ್ನೊಬ್ಬನ ಕೈ ತಾಗಿದರೆ ಇಬ್ಬರೂ ಮೈದಾನ ಸುತ್ತಬೇಕು. ಅಂದು ರಾತ್ರಿ ನಲವತ್ತು ಹುಡುಗರು ಸಾಲಾಗಿ ಚಕ್ಕಳಮಕ್ಕಳ ಕುಳಿತು ಬೂಟು ಉಜ್ಜಿದರು. ಅವರಲ್ಲಿ ಪುರೋಹಿತರ ಮಗನಿದ್ದ, ಸಾವುಕಾರನ ಮಗನಿದ್ದ, ಹೊಲ ಗೇಯುವವರ ಮಕ್ಕಳಿದ್ದರು. ಚರ್ಮದ ವಾಸನೆ, ಮೇಣದ ವಾಸನೆ ಎಲ್ಲರ ಕೈಗೂ ಒಂದೇ ಥರ ಹತ್ತಿತ್ತು.

ಇದರಿಂದ ಜಾತಿ ಹೋಯಿತು ಎಂದು ಹೇಳುವಷ್ಟು ಭೋಳೆತನ ನನಗಿಲ್ಲ. ಶಿಬಿರ ಮುಗಿದ ಮೇಲೆ ಎಲ್ಲರೂ ತಮ್ಮ ತಮ್ಮ ಕೇರಿಗೇ ಮರಳಿದರು. ಆ ಗೆಳೆಯನ ತಂದೆ ಮರದಡಿಯಲ್ಲೇ ಇದ್ದರು, ಅವರ ಮುಂದೆ ಕಾಲು ಚಾಚಿ ನಿಲ್ಲುವವರೂ ಇದ್ದರು. ಸೈನಿಕ ಶಿಸ್ತನ್ನು ನಾಡಿನ ಎಲ್ಲ ರೋಗಗಳಿಗೆ ಮದ್ದು ಎಂದು ಬಗೆಯುವವರ ಪಂಕ್ತಿಯಲ್ಲಿ ನಾನಿಲ್ಲ. ಬೂಟಿನ ಸದ್ದಿಗೆ ಹೆದರಿಸುವ ಗುಣವೂ ಉಂಟು. ಸೂರತ್‌ನ ನ್ಯಾಯಾಲಯದಲ್ಲಿ ಜೋಡು ಕಳಚಿಸಲು ಹೊರಟವರೂ ಬೂಟು ಮೆಟ್ಟಿದವರೇ. ಆದರೆ ಶಾಲೆ, ಗುಡಿ, ಮನೆ ಯಾವುದೂ ಆ ಹುಡುಗರಿಂದ ಮಾಡಿಸದಿದ್ದ ಒಂದು ಕೆಲಸವನ್ನು ಒಂದು ಜೊತೆ ಬೂಟು ಮಾಡಿಸಿತು ಎಂಬುದು ಸುಳ್ಳಲ್ಲ. ಚರ್ಮವನ್ನು ಮುಟ್ಟುವುದು ಒಂದು ಕುಲದ ಕರ್ಮವಲ್ಲ, ತನ್ನ ಕಾಲನ್ನು ತಾನು ಕಾಪಾಡಿಕೊಳ್ಳುವವನ ದಿನಚರಿ ಎಂದು ಅದು ಅವರ ಕೈಗಳಿಗೆ ಕಲಿಸಿತು. ಕೈ ಕಲಿತದ್ದನ್ನು ತಲೆ ಒಪ್ಪಲು ಇನ್ನೂ ಕಾಲ ಬೇಕಾಗಬಹುದು.

ಕೆಡೆಟ್‌ಗೆ ಬೂಟಿನ ಬಗ್ಗೆ ಹೇಳಿಕೊಡುವವರು ಅಳತೆ, ಲೇಸು, ಪಾಲಿಷ್‌ಗಳ ಜೊತೆಗೆ ಇಷ್ಟನ್ನೂ ಹೇಳಬೇಕು. ಈ ನೆಲದಲ್ಲಿ ಮೆಟ್ಟುವುದು ಎಲ್ಲರ ಹಕ್ಕಾಗಿರಲಿಲ್ಲ, ಅದನ್ನು ಹೋರಾಡಿ ಪಡೆದರು. ಮೆಟ್ಟು ಮಾಡಿದ ಕೈಗೆ ಗೌರವ ಸಿಗುತ್ತಿರಲಿಲ್ಲ, ಸಿಗಬೇಕಾದಷ್ಟು ಇನ್ನೂ ಸಿಕ್ಕಿಲ್ಲ. ನಿನ್ನ ಕಾಲಿಗೆ ಹೊಂದುವ ಬೂಟನ್ನು ಆರಿಸಿಕೋ, ಏಕೆಂದರೆ ಆರಿಸುವ ಅವಕಾಶ ನಿನ್ನ ಹಿರಿಯರಿಗೆ ಇರಲಿಲ್ಲ. ಅದನ್ನು ನಿನ್ನ ಕೈಯಿಂದಲೇ ಉಜ್ಜು, ಏಕೆಂದರೆ ನಿನಗಾಗಿ ಉಜ್ಜುವುದಕ್ಕೆಂದೇ ಹುಟ್ಟಿದವರು ಯಾರೂ ಇಲ್ಲ.